ರಾಗಿ ಎರಚುವ ಯಂತ್ರವೂ ನನ್ನ ಬಲಗಾಲೂ

ಕೋಳಿಗೆ ಕಾಳು ಹಾಕುವಾಗ ನನ್ನ ಕೈ ಒಂದು ಥರ ತಿರುಗುತ್ತದೆ. ಬೇರೆಯವರು ಹಿಡಿ ತುಂಬಿ ಮುಂದಕ್ಕೆ ಎಸೆಯುತ್ತಾರೆ, ಅಲ್ಲಿಗೆ ಮುಗಿಯಿತು. ನಾನು ಮಣಿಕಟ್ಟನ್ನು ಎದೆಯ ಹತ್ತಿರದಿಂದ ಹೊರಕ್ಕೆ ಬೀಸುತ್ತೇನೆ, ಬೀಸುತ್ತಲೇ ಬೆರಳುಗಳನ್ನು ಸಡಿಲ ಬಿಡುತ್ತೇನೆ. ಕಾಳು ಬೀಸಣಿಗೆ ಬಿಚ್ಚಿದ ಹಾಗೆ ಅಂಗಳದ ತುಂಬ ಹರಡುತ್ತದೆ. ನೋಡಲು ಚೆಂದ. ಕೋಳಿಗಳಿಗೆ ಮಾತ್ರ ಇಷ್ಟವಿಲ್ಲ. ಒಂದೇ ಕಡೆ ನಿಂತು ಹೊಟ್ಟೆ ತುಂಬಿಸಿಕೊಳ್ಳುವ ಸುಖ ತಪ್ಪಿ, ಒಂದೊಂದು ಕಾಳಿಗೂ ಒಂದೊಂದು ದಿಕ್ಕಿಗೆ ಓಡಬೇಕಲ್ಲ.

ಮೊನ್ನೆ ಹೀಗೆ ಹಾಕುತ್ತಿದ್ದಾಗ ಪಕ್ಕದ ಮನೆಯವಳು ಬೇಲಿಯಾಚೆಯಿಂದ, "ಅದ್ಯಾಕಮ್ಮಿ, ಅಂಗಳಕ್ಕೆ ಬಿತ್ತನೆ ಮಾಡ್ತಿದ್ದೀಯೆ?" ಎಂದು ಕೇಳಿದಳು. ನಕ್ಕೆ. ಆದರೆ ಆ ಮಾತು ಸಂಜೆಯವರೆಗೂ ನನ್ನ ಹಿಂದೆಯೇ ಓಡಾಡಿತು. ನನ್ನ ತಮ್ಮ ಪುಟ್ಟಸ್ವಾಮಿ, ಅವನ ಮರಿ ಟ್ರಾಕ್ಟರು, ಪಾಂಡವಪುರದ ಆ ಅಂಗಡಿ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಬಲಗಾಲು ನೆನಪಾದವು. ಆ ಕಾಲು ಅವತ್ತು ಮಾಡಿದ ಕೆಲಸವನ್ನು ಬರೆದಾದರೂ ಮನಸ್ಸು ಹಗುರ ಮಾಡಿಕೊಳ್ಳೋಣ ಎಂದು ಕೂತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರ ಕಂಡರೆ ಈಗಲೂ ಸ್ವಲ್ಪ ದಿಗಿಲು. ಎಲ್ಲಾದರೂ ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ.

ನನ್ನ ತವರು ನಾಗಮಂಗಲದ ಕಡೆ. ಮಳೆ ನಂಬಿದ ಕೆಂಪು ನೆಲ. ರಾಗಿ, ಹುರುಳಿ, ಅವರೆ. ಅಪ್ಪ ಸಾಲು ಹಿಡಿದು ಬಿತ್ತುವವನಲ್ಲ, ರಾಗಿಯನ್ನು ಕೈಯಲ್ಲಿ ಚೆಲ್ಲುವವನು. ರಾಗಿ ಎಂದರೆ ಗೊತ್ತಲ್ಲ, ಸಾಸಿವೆಗಿಂತ ಸಣ್ಣದು. ಬರಿಯ ರಾಗಿಯನ್ನು ಹಿಡಿದರೆ ಬೆರಳ ಸಂದಿಯಲ್ಲೇ ಜಾರಿಹೋಗುತ್ತದೆ. ಅದಕ್ಕೆ ಮರಳು ಬೆರೆಸಿ, ಮಡಿಲಿಗೆ ಕಟ್ಟಿಕೊಂಡು, ಹೆಜ್ಜೆಗೊಂದು ಬೀಸು ಬೀಸುತ್ತ ಹೋಗಬೇಕು. ನನ್ನನ್ನು ಸ್ಕೂಲು ಬಿಡಿಸಿದ ವರ್ಷವೇ ಅಪ್ಪ ಈ ಬೀಸು ಕಲಿಸಿದ. ಸ್ಲೇಟು ಕೆಳಗಿಟ್ಟ ಕೈ ಖಾಲಿ ಇರಬಾರದು ಅಂತಲೋ ಏನೋ. "ನೋಡವ್ವ, ಎಸೀಬ್ಯಾಡ. ಯಾರ್ಗೋ ಬಾ ಬಾ ಅಂತ ಕರದಂಗೆ ಕೈ ಬೀಸು" ಎನ್ನುತ್ತಿದ್ದ. ನಾನು ಬೀಸುತ್ತ ಹೋದರೆ ಪುಟ್ಟ ಹಿಂದೆ ಹಿಂದೆ ಬಂದು ನನ್ನ ಹೆಜ್ಜೆ ಗುರುತಿನೊಳಗೆ ತನ್ನ ಪುಟ್ಟ ಪಾದ ಇಟ್ಟು ಅಳತೆ ನೋಡುತ್ತಿದ್ದ. ಆ ವರ್ಷ ಮಳೆ ಹದವಾಗಿ ಬಂತು, ರಾಗಿ ತುಂಬಿಕೊಂಡು ಬೆಳೆಯಿತು. ಮಳೆಗೆ ಸಿಗಬೇಕಾದ ಹೆಸರು ನನ್ನ ಕೈಗೆ ಸಿಕ್ಕಿತು. ಅಂದಿನಿಂದ ನನ್ನದು ಕೈಗುಣದ ಕೈ. ನಾನೂ ಅದನ್ನು ಪೂರ್ತಿ ನಂಬಿಬಿಟ್ಟೆ. ಹೊಗಳಿಕೆಯನ್ನು ನಂಬುವುದಕ್ಕೆ ಮೂರನೇ ಕ್ಲಾಸೂ ಬೇಕಾಗಿಲ್ಲ.

ಮದುವೆಯಾಗಿ ಬಂದದ್ದು ಅರಕೆರೆಗೆ. ಇಲ್ಲಿ ನಾಲೆ ನೀರು, ಭತ್ತ, ಕಬ್ಬು. ಇಲ್ಲಿ ಯಾರಿಗೂ ನನ್ನ ಬೀಸು ಬೇಕಿರಲಿಲ್ಲ. ಬಗ್ಗಿ ಪೈರು ನೆಡುವ ಸೊಂಟ ಇದ್ದರೆ ಸಾಕಿತ್ತು. ನಮ್ಮ ಯಜಮಾನರು ಒಳ್ಳೆಯವರು, ಆದರೆ ಅವರದೊಂದು ಕಾನೂನಿತ್ತು. ಕೆಲಸವಿದ್ದರೆ ಎಲ್ಲಿಗೆ ಬೇಕಾದರೂ ಹೋಗು, ಸುಮ್ಮನೆ ಹೋಗುವುದು ಮಾತ್ರ ಅವರಿಗೆ ಅರ್ಥವೇ ಆಗುತ್ತಿರಲಿಲ್ಲ. "ಊರ್ಗೆ ಓಗ್ಬರ್ಲಾ?" ಎಂದರೆ, "ಯಾಕೆ? ಅಲ್ಲೇನ್ ಕೆಲ್ಸ ಐತೆ?" ಎನ್ನುವರು. ಕೋಪವಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳುವುದು. ತಮ್ಮನ ಮುಖ ನೋಡಬೇಕು, ನಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ಹುರಿಗಾಳು ತಿನ್ನಬೇಕು ಎಂದು ಹೇಳಿದರೆ ಅದು ಕೆಲಸ ಆಗುತ್ತದೆಯೇ? ಹಾಗಾಗಿ ನನಗೆ ತವರಿನ ದಾರಿ ಅಂತ ಉಳಿದದ್ದು ಒಂದೇ. ವರ್ಷಕ್ಕೊಮ್ಮೆ ಬಿತ್ತನೆಯ ಹೊತ್ತಿಗೆ ಪುಟ್ಟ ಬಂದು, "ಭಾವ, ಅಕ್ಕನ ಕೈಲೇ ರಾಗಿ ಚೆಲ್ಲುಸ್ಬೇಕು, ಕಳ್ಸ್ಕೊಡಿ" ಎನ್ನುವನು. "ಬಿತ್ತನೆ ಅಂದ್ಮೇಲೆ ಓಗು ಮತ್ತೆ" ಎಂದು ಇವರು ತಾವೇ ಬಸ್ಸು ಹತ್ತಿಸುವರು. ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಾಯಿಸಿದ ಮೇಲೆ ನನ್ನ ಮೈಯೇ ಬೇರೆಯಾಗುತ್ತಿತ್ತು.

ತೊಂಬತ್ತರ ದಶಕದ ನಡುವಿನಲ್ಲಿ ಪುಟ್ಟ ಒಂದು ಮರಿ ಟ್ರಾಕ್ಟರು ತಂದ. ದೊಡ್ಡ ಟ್ರಾಕ್ಟರಿನ ಪಕ್ಕ ನಿಲ್ಲಿಸಿದರೆ ತಾಯಿಯ ಹಾಲು ಬಿಡದ ಕರುವಿನಂತಿತ್ತು. ಆ ವರ್ಷ ಅವನು ಅರಕೆರೆಗೆ ಬಂದವನು ಹೇಳಿದ್ದೇ ಬೇರೆ.

"ಅಕ್ಕ, ಟ್ರಾಕ್ಟರ್ ಹಿಂದಕ್ಕೆ ಒಂದು ಎರಚೋ ಮಿಸನ್ ತಗೋಬೇಕು ಅಂತಿದ್ದೀನಿ. ಬೀಜಾನೂ ಎರಚ್ತದಂತೆ, ಗೊಬ್ಬರಾನೂ ಎರಚ್ತದಂತೆ. ನೀನೇ ಬಂದು ಆರುಸ್ಕೊಡು. ಚೆಲ್ಲೋ ವಿಚಾರ ನಂಗೇನ್ ಗೊತ್ತು?"

ಸವತಿಯನ್ನು ನೀನೇ ನೋಡಿ ಒಪ್ಪಿ ಕರೆದುಕೊಂಡು ಬಾ ಎಂದ ಹಾಗಾಯಿತು. ಆ ಯಂತ್ರ ಬಂದರೆ ನನ್ನ ಕೈಗೇನು ಕೆಲಸ? ಕೈಗೆ ಕೆಲಸವಿಲ್ಲದಿದ್ದರೆ ಬಸ್ಸು ಹತ್ತಿಸುವವರು ಯಾರು? ಇದನ್ನು ತಮ್ಮನ ಮುಂದೆ ಹೇಳಲು ನಾಚಿಕೆ. ಅವನು ಪಾಪ ಅಷ್ಟು ಆಸೆಯಿಂದ ಕರೆಯುತ್ತಿದ್ದಾನೆ. ಪಕ್ಕದಲ್ಲಿದ್ದ ಯಜಮಾನರು, "ಆರ್ಸೋದೂ ಒಂದ್ ಕೆಲ್ಸಾನೇ. ಓಗ್ಬುಟ್ಟು ಸಂಜೀಕ್ ಬಾ" ಎಂದರು. ಹೋದೆ.

ಪಾಂಡವಪುರದ ಆ ಅಂಗಡಿಯಲ್ಲಿ ನೇಗಿಲು, ಪಂಪು, ಪೈಪು, ಬೆಲ್ಟುಗಳ ನಡುವೆ ಸಾಹೇಬರೊಬ್ಬರು ಕೂತಿದ್ದರು. ಎರಚುವ ಯಂತ್ರ ಎಂದದ್ದೇ ತಡ ಎದ್ದು ಬಂದು ಮೊದಲು ಒಂದು ಚೀಲ ತೋರಿಸಿದರು. ಕೊರಳಿಗೆ ನೇತುಹಾಕಿಕೊಂಡು, ಹೊಟ್ಟೆಯ ಮೇಲಿನ ಹಿಡಿ ತಿರುಗಿಸುತ್ತ ನಡೆಯುವುದಂತೆ. ಪುಟ್ಟ ಹಾಕಿಕೊಂಡು ತಿರುಗಿಸಿದ. ಭಜನೆಯಲ್ಲಿ ಹಾರ್ಮೋನಿಯಂ ಹೊತ್ತು ದಾರಿ ತಪ್ಪಿ ಬಂದವನಂತೆ ಕಂಡ. ನಾನು ನಕ್ಕದ್ದಕ್ಕೆ ತೆಗೆದಿಟ್ಟ.

ಟ್ರಾಕ್ಟರಿಗೆ ಕಟ್ಟುವಂಥವು ಎರಡಿದ್ದವು. ಎರಡರ ಲೆಕ್ಕಾಚಾರವೂ ಒಂದೇ. ಮೇಲೊಂದು ಕೊಳಗದಂಥ ಡಬ್ಬ, ಡಬ್ಬದ ತಳದಲ್ಲಿ ಜಾರುವ ಬಾಗಿಲು, ಬಾಗಿಲ ಕೆಳಗೆ ಗಿರ್ರನೆ ತಿರುಗುವ ತಟ್ಟೆ. ಟ್ರಾಕ್ಟರಿನ ಹಿಂದಿನ ದಂಡ ತಿರುಗಿದರೆ ತಟ್ಟೆ ತಿರುಗುತ್ತದೆ. ಕೋಲು ಎಳೆದರೆ ಬಾಗಿಲು ತೆರೆಯುತ್ತದೆ, ಮೇಲಿನಿಂದ ಬಿದ್ದ ಕಾಳನ್ನು ತಟ್ಟೆ ಸುತ್ತಲೂ ಚಿಮ್ಮಿಸುತ್ತದೆ. ಒಂದು ಕಬ್ಬಿಣದ್ದು, ಬೂದು ಬಣ್ಣ, ಡಬ್ಬ ಚಿಕ್ಕದು. ಇನ್ನೊಂದು ಪ್ಲಾಸ್ಟಿಕ್ಕಿನದು, ಕೆಂಪಗೆ ಹೊಳೆಯುತ್ತಿತ್ತು, ಡಬ್ಬದಲ್ಲಿ ಮಗುವಿಗೆ ಸ್ನಾನ ಮಾಡಿಸಬಹುದಿತ್ತು.

"ಅಕ್ಕಾ, ಸಚ್ ಹೇಳ್ತೀನಿ" ಎಂದರು ಸಾಹೇಬರು. "ರಾಗಿಗೆ ಕಬ್ಬಿಣದ್ದೇ ತಗೊಳ್ಳಿ. ಗೊಬ್ಬರ ಹಾಕಿದ್ ಮೇಲೆ ತೊಳ್ದು ಎಣ್ಣೆ ಹಚ್ಬೇಕು, ಇಲ್ಲಾಂದ್ರೆ ತುಕ್ಕು. ಕೆಂಪುದು ತುಕ್ಕು ಹಿಡಿಯಲ್ಲ, ಜಾಸ್ತಿ ಹಿಡಿಸ್ತದೆ, ಯೂರಿಯಾಗೆ ಚೆನ್ನಾಗದೆ." ಅಷ್ಟರಲ್ಲಿ ಒಳಗೆ ಫೋನು ಬಡಿದುಕೊಂಡಿತು. ಅವರು ಹೋದರು.

ಅಪ್ಪ ಹೇಮಗಿರಿ ದನದ ಜಾತ್ರೆಯಲ್ಲಿ ಎತ್ತು ಕೊಳ್ಳಲು ಹೋದಾಗ ತುಟಿ ಬಿಡಿಸಿ ಹಲ್ಲು ನೋಡುತ್ತಿದ್ದ. ಬಾಲ ಎತ್ತಿ, ಗೊರಸು ತಟ್ಟಿ, ನಡೆಸಿ, ಓಡಿಸಿ, ಕೊನೆಗೆ ಎತ್ತೇ ಬೇಸತ್ತು ಒದೆಯುವವರೆಗೂ ಬಿಡುತ್ತಿರಲಿಲ್ಲ. ನಾನೂ ಅದೇ ಗತ್ತಿನಲ್ಲಿ ಎರಡೂ ಯಂತ್ರಗಳ ಬಾಯೊಳಗೆ ಕೈಹಾಕಿ ನೋಡಿದೆ. ಪುಟ್ಟ ಮನೆಯಿಂದ ಬಿತ್ತನೆ ರಾಗಿಯನ್ನು ಟವೆಲಿನಲ್ಲಿ ಕಟ್ಟಿ ತಂದಿದ್ದ. ಕಬ್ಬಿಣದ ಡಬ್ಬಕ್ಕೆ ಒಂದು ಬೊಗಸೆ ಸುರಿದೆ. ಬಾಗಿಲು ಮುಚ್ಚಿತ್ತು. ಒಂದು ಕಾಳೂ ಕೆಳಗೆ ಬೀಳಲಿಲ್ಲ. ಬಾಗಿಲನ್ನು ಚೂರು ಸರಿಸಿ ಕೈಯಲ್ಲೇ ತಟ್ಟೆ ತಿರುಗಿಸಿದೆ. ನೆಲದ ಮೇಲೆ ರಾಗಿ ಎಷ್ಟು ನಯವಾಗಿ ಹರಡಿತೆಂದರೆ ನನಗೆ ಹೊಟ್ಟೆಕಿಚ್ಚಾಯಿತು. ಅಪ್ಪನೇ ಎದ್ದು ಬಂದು ಬೀಸಿದ ಹಾಗಿತ್ತು.

ಆಮೇಲೆ ಕೆಂಪು ಡಬ್ಬಕ್ಕೆ ಸುರಿದೆ. ಪುಟ್ಟ ಆಗ ಯಂತ್ರದ ಹಿಂದೆ ಬಗ್ಗಿ, ದಂಡ ಸಿಕ್ಕಿಸುವ ಜಾಗ ನೋಡುತ್ತಿದ್ದ. ಬಾಗಿಲು ಮುಚ್ಚಿದ್ದೆ. ಆದರೂ ತಳದ ಸಂದಿಯಿಂದ ನೂಲಿನೆಳೆಯಂತೆ ರಾಗಿ ಇಳಿಯತೊಡಗಿತು. ಯೂರಿಯಾ ದಪ್ಪ ಕಾಳು, ಅದು ನಿಂತೀತು. ರಾಗಿ ನಿಲ್ಲುತ್ತದೆಯೇ?

ಅಲ್ಲಿ ನನ್ನ ಬಲಗಾಲು ತಾನಾಗಿ ಮುಂದೆ ಹೋಯಿತು. ತಾನಾಗಿ ಎಂದು ಬರೆದೆ, ಸುಳ್ಳು. ನಾನೇ ಇಟ್ಟೆ. ಬಿದ್ದ ರಾಗಿಯ ಮೇಲೆ ಚಪ್ಪಲಿ ಊರಿ, ಸೀರೆಯ ನೆರಿಗೆ ಇಳಿಬಿಟ್ಟು ನಿಂತೆ. ರಾಗಿ ಸುರಿಯುತ್ತಲೇ ಇತ್ತು, ಕಾಲುಂಗುರದ ಸಂದಿಯಲ್ಲಿ ಕಚಗುಳಿ ಇಡುತ್ತ.

"ಎಂಗೈತಕ್ಕ?" ಎಂದ ಪುಟ್ಟ, ತಲೆ ಎತ್ತಿ.

"ಇದೇ ಇರ್ಲಿ ಕಣ್ಲಾ."

"ಸಾಬ್ರು ಕಬ್ಬಿಣದ್ದು ಅಂದ್ರಲ್ಲ?"

"ಅದ್ರ ಬಣ್ಣ ನೋಡ್ಲಾ, ಮಸಿ ಹಿಡ್ದಿರೋ ಬೋಸಿ ಇದ್ದಂಗೈತೆ. ಮೊದಲ್ನೇ ಮಿಸನ್ನು, ಲಕ್ಷ್ಣವಾಗಿರೋದು ಬ್ಯಾಡ್ವಾ?"

"ನೀನ್ ಏಳುದ್ ಮೇಲೆ ಆಯ್ತು ಬುಡು" ಎಂದ. ಆಮೇಲೆ ಒಂದು ಮರುಪ್ರಶ್ನೆಯೂ ಇಲ್ಲ. ಅವನು ಬೈದಿದ್ದರೆ, ವಾದ ಮಾಡಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಪಾಂಡವಪುರದಿಂದ ಶ್ರೀರಂಗಪಟ್ಟಣದವರೆಗೂ ಚಪ್ಪಲಿಯೊಳಗೆ ಉಳಿದ ಕಾಳುಗಳು ಅಂಗಾಲಿಗೆ ಚುಚ್ಚುತ್ತಿದ್ದವು. ಬಗ್ಗಿ ಕೊಡವಿಕೊಳ್ಳಬಹುದಿತ್ತು. ಚುಚ್ಚಲಿ ಎಂದು ಬಿಟ್ಟೆ.

ಯಂತ್ರದ ಮೊದಲ ಬಿತ್ತನೆಗೆ ನನ್ನನ್ನು ಕರೆದರು, ಪೂಜೆಗೆ. ಪುಟ್ಟನ ಹೆಂಡತಿ ಜಯಮ್ಮ ಕಿಕ್ಕೇರಿಯವಳು, ಬಾಯಿ ಜೋರು, ಮನಸ್ಸು ಅದಕ್ಕಿಂತ ಜೋರು. ಅವಳದೊಂದು ಹಟವಿತ್ತು. ಅವರ ಕಡೆ ಬಿತ್ತನೆಯ ದಿನ ಬರಿದಾದ ಮೊರ, ಬರಿದಾದ ಮಡಿಲು ಹೊಸ್ತಿಲು ದಾಟಬಾರದಂತೆ. ಮೊರಕ್ಕೆ ಹೇಳಿದ್ದು ಮಿಸನ್ನಿಗೂ ಸರಿ ಎಂದು, ಮನೆ ಮುಂದೆಯೇ ಡಬ್ಬದ ಕಂಠದವರೆಗೆ ಬೀಜ ತುಂಬಿಸಿದಳು. ಅರಿಶಿನ ಕುಂಕುಮ ಬಳಿದು, ಚಕ್ರದಡಿ ನಿಂಬೆಹಣ್ಣಿಟ್ಟು, ಕಾಯಿ ಒಡೆದಳು. ಹೊಲಕ್ಕೆ ಹೋಗಿ ತುಂಬಿಕೊಳ್ಳೋಣ ಎಂದು ಹೇಳಲು ನಾನು ಬಾಯಿ ತೆರೆದೆ. ಯಾಕೆ ಎಂದು ಕೇಳಿದರೆ ಏನು ಹೇಳಲಿ? ತೆರೆದ ಬಾಯಿಗೆ ಜಯಮ್ಮ ಬೆಲ್ಲ ಕೊಬ್ಬರಿ ಹಾಕಿದಳು.

ಟ್ರಾಕ್ಟರು ಹೊರಟಿತು. ಹಿಂದೆ ನೂಲಿನೆಳೆ ಬಿಚ್ಚಿಕೊಳ್ಳುತ್ತ ಬಂತು. ನಲ್ಲಿಕಟ್ಟೆಯ ಹತ್ತಿರ ಒಂದು ಹೇಂಟೆ ಹಿಂದೆ ಬಿತ್ತು, ಗುಡಿಯ ಮುಂದೆ ಅದರ ಬಳಗ ಸೇರಿಕೊಂಡಿತು. ಊರ ಬಾಗಿಲು ದಾಟುವ ಹೊತ್ತಿಗೆ ನಮ್ಮ ಹಿಂದೆ ಕೋಳಿಗಳದೇ ಮೆರವಣಿಗೆ. ಪುಟ್ಟ ಸೀಟಿನ ಮೇಲೆ ಮದುವೆ ಗಂಡಿನಂತೆ ನೆಟ್ಟಗೆ ಕೂತಿದ್ದ, ಹಿಂದೆ ತಿರುಗಲಿಲ್ಲ. ಪಕ್ಕದಲ್ಲಿ ನಡೆಯುತ್ತಿದ್ದ ನಾನು ತಿರುಗಿ ನೋಡಿದೆ, ಹೆಜ್ಜೆ ಜೋರು ಮಾಡಿದೆ.

ಹೊಲದಲ್ಲಿ ಬಾಗಿಲು ತೆರೆದ ಕೂಡಲೇ ರಾಗಿ ಭೋರೆಂದು ಸುರಿಯಿತು. ಹೊಲದ ಅರ್ಧ ದಾಟುವಷ್ಟರಲ್ಲಿ ಡಬ್ಬ ಖಾಲಿ. ಮನೆಯಲ್ಲೂ ಬೀಜ ಉಳಿದಿರಲಿಲ್ಲ. "ನಾನೇ ಅಳ್ತೆ ತೆಪ್ಪಿದ್ನೇನೋ" ಎಂದು ಪುಟ್ಟ ತಲೆ ಕೆರೆದುಕೊಂಡ. ನಾನು ಅರಕೆರೆಗೆ ವಾಪಸು ಬಂದೆ.

ಕೆಲವು ವಾರ ಕಳೆದು ಅವನು ಮತ್ತೆ ನಮ್ಮ ಬಾಗಿಲಲ್ಲಿ ನಿಂತಿದ್ದ. "ಭಾವ, ರಾಗಿ ಅರ್ಧ ಹೊಲ್ದಲ್ಲಿ ಕೂದ್ಲಂಗೆ ಎದ್ದೈತೆ, ಅರ್ಧ ಬೋಳು. ದಟ್ಟ ಇರೋ ಕಡೆ ಕಿತ್ತು ಬೋಳಿರೋ ಕಡೆ ನೆಡ್ಬೇಕು. ಅಕ್ಕ ಬರ್ಬೇಕು."

ನಾಟಿ ಎಂದರೆ ಯಜಮಾನರ ಸ್ವಂತ ವಿಷಯ. "ಓಗು ಓಗು, ಪೈರ್ ಬಲ್ತ್ರೆ ಕೆಡ್ತದೆ" ಎಂದು ಅವಸರ ಮಾಡಿದರು.

ಊರೊಳಗೆ ಕಾಲಿಟ್ಟರೆ ಏನು ನೋಡುವುದು! ಮಳೆ ಬಿದ್ದಿತ್ತು. ಕೋಳಿಗಳು ಬಿಟ್ಟ ಕಾಳೆಲ್ಲ ಮೊಳೆತು, ತಮ್ಮನ ಮನೆ ಬಾಗಿಲಿಂದ ನಲ್ಲಿಕಟ್ಟೆ ಬಳಸಿ, ಗುಡಿಯ ಮುಂದೆ ಹಾದು, ಹೊಲದವರೆಗೆ ಹಸಿರು ಗೆರೆ ಎಳೆದ ಹಾಗೆ ರಾಗಿ ಪೈರು. ಗುಡಿಯ ಜಗಲಿಯ ಮೇಲಿದ್ದವನೊಬ್ಬ, "ಏನ್ಲಾ ಪುಟ್ಟ, ಬೀದೀನೂ ಗುತ್ತಿಗೆ ಇಡ್ಕಂಡ್ಯಾ? ಕುಯ್ಲಿಗೆ ನಮ್ಮುನ್ನೂ ಕರಿ" ಎಂದ. ಮಿಕ್ಕವರು ಗೊಳ್ಳೆಂದರು.

"ದಾರಿ ಕುಲುಕ್ಸ್ತು ಕಣ್ರಯ್ಯ. ನಂಗೆ ಓಡ್ಸಕ್ ಬರ್ನಿಲ್ಲ. ಮಿಸನ್ದೇನ್ ತೆಪ್ಪಿಲ್ಲ, ನಮ್ಮಕ್ಕ ಆರ್ಸಿದ್ದು ಅದು" ಎಂದ ನನ್ನ ತಮ್ಮ.

ನಾನು ಸೆರಗು ತಲೆಯ ಮೇಲೆಳೆದುಕೊಂಡು ಬೇಗ ಬೇಗ ನಡೆದೆ.

ಆ ನಾಟಿಯ ದಿನಗಳು ಇವೆಯಲ್ಲ, ಹೇಳಲು ನಾಚಿಕೆ, ನನ್ನ ಬಾಳಿನಲ್ಲೇ ಚೆಂದದ ದಿನಗಳು. ಜಿನುಗು ಮಳೆಯಲ್ಲಿ ಮೂವರೂ ಗೋಣಿಚೀಲ ಮುಸುಕು ಹಾಕಿಕೊಂಡು ಬಗ್ಗಿದ್ದೆವು. ಮಧ್ಯಾಹ್ನ ಬಿಸಿ ಮುದ್ದೆ, ಹುರುಳಿ ಸಾರು. ಸಂಜೆ ಜಗಲಿಯ ಮೇಲೆ ಕಾಲು ಚಾಚಿದರೆ ಜಯಮ್ಮ ಮುಂದೆ ಹುರಿಗಾಳು ಇಡುವಳು. ಆದರೆ ಹುರಿಗಾಳಿನ ಜೊತೆಗೆ ಅವಳು ಗಂಡನನ್ನೂ ಹುರಿಯುತ್ತಿದ್ದಳು. "ಓಡ್ಸಕ್ ಬರ್ದಿದ್ ಮೇಲೆ ಯಾಕ್ ತಂದ್ರಿ? ಅತ್ತಿಗೆ ನೋಡಿ, ಬೆನ್ನು ಇಡ್ಕಂಡು ಕೂತವ್ರೆ." ಅವನು, "ನಂದೇ ತೆಪ್ಪು ಬುಡಮ್ಮಿ" ಎಂದು ತಲೆ ತಗ್ಗಿಸುವನು. ನನ್ನ ಬಾಯಲ್ಲಿದ್ದ ಕಾಳು ಅಲ್ಲೇ ನಿಲ್ಲುತ್ತಿತ್ತು.

ಹೊರಡುವ ದಿನ ಪುಟ್ಟ ನನ್ನ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತು, ಬಹಳ ಯೋಚನೆ ಮಾಡಿದವನಂತೆ ಹೇಳಿದ: "ಅಕ್ಕ, ಬರೋ ವರ್ಷದಿಂದ ನಿಂಗೆ ತೊಂದ್ರೆ ಕೊಡಾಕಿಲ್ಲ. ನಿನ್ ಸೊಂಟ ನೋಡುದ್ರೆ ಹೊಟ್ಟೆ ಉರೀತದೆ. ಮಿಸನ್ ಓಡ್ಸೋದ ನಾನೇ ಕಲ್ತ್ಕೊತೀನಿ. ನೀನು ಬಿತ್ನೆಗೂ ಬರೋದ್ ಬ್ಯಾಡ, ನಾಟಿಗೂ ಬರೋದ್ ಬ್ಯಾಡ."

ಯಾವ ಮಾತು ಕೇಳಬಾರದೆಂದು ಅಷ್ಟೆಲ್ಲ ಮಾಡಿದ್ದೆನೋ ಅದೇ ಮಾತು, ಅದೂ ಕನಿಕರದಿಂದ. ನಾನು ಹೊಸ್ತಿಲ ಮೇಲೆ ಕೂತೇಬಿಟ್ಟೆ.

"ನಿಂಗ್ ಓಡ್ಸಕ್ ಬತ್ತದೆ ಕಣ್ಲಾ. ಆ ಡಬ್ಬ ಸೋರ್ತದೆ. ಅಂಗ್ಡೀಲೇ ಸೋರ್ತಿತ್ತು. ನಾನು ಕಾಲ್ ಇಟ್ಟು ಮುಚ್ಕಂಡೆ."

ಪುಟ್ಟನಿಗೆ ಅರ್ಥವಾಗಲಿಲ್ಲ. ಎದ್ದು ನಿಂತು, ಕಾಲು ಹೇಗಿಟ್ಟೆ ಎಂದು ಮಾಡಿ ತೋರಿಸಿದೆ. ಯಾಕೆ ಎಂದ. ಅದನ್ನೂ ಹೇಳಿದೆ. ಮಿಸನ್ನು ಚೆನ್ನಾಗಿ ಎರಚಿದರೆ ನೀನು ಕರೆಯುವುದಿಲ್ಲ, ನೀನು ಕರೆಯದಿದ್ದರೆ ನಿಮ್ಮ ಭಾವ ಕಳಿಸುವುದಿಲ್ಲ, ಎಂದೆ. ಹೇಳುತ್ತ ಹೇಳುತ್ತ ಮೂಗು ಸೋರಿತು.

ಅವನು ಬ್ಯಾಗು ಕೆಳಗಿಟ್ಟ. ಸಿಟ್ಟು ಬಂದಿತ್ತು, ಕಿವಿ ಕೆಂಪಾಗಿತ್ತು. "ಊರೋರ್ ಮುಂದೆಲ್ಲ ನಾನು ಬೋಳೀಮಗ ಆದ್ನಲ್ಲಕ್ಕ!" ಎಂದ. ನಾನು ಹೂಂ ಎಂದೆ. ಅವನು ಒಮ್ಮೆಲೇ ಕೇಳಿದ: "ಅಲ್ಲಾ, ನಾನ್ ನಿನ್ನ ವರ್ಷ ವರ್ಷ ಕರೀತಿದ್ದಿದ್ದು ಕೈಗುಣಕ್ಕೆ ಅಂತ ತಿಳ್ಕಂಡಿದ್ದಾ?"

"ಮತ್ತೆ?"

"ನಿನ್ ಕೈಲೇನೈತೆ, ಮಣ್ಣು! ಗೇಣಿಗೊಂದ್ ಕಡೆ ಬುಟ್ಟು ಚೆಲ್ತೀಯ. ನೀನು ಉಣ್ಣಾಕ್ ಕೂತಾಗ ನಾನ್ ಓಗಿ ಬುಟ್ಟಿರೋ ಕಡೆ ಎಲ್ಲ ಇನ್ನೊಂದ್ ಸಲ ಚೆಲ್ ಬತ್ತಿದ್ದೆ. ಬೇಕಾದ್ರೆ ಜಯಮ್ಮುನ್ನೇ ಕೇಳು. ಸುಮ್ನೆ ಕಳ್ಸಿ ಅಂದ್ರೆ ಭಾವ ಕಳುಸ್ತಾರಾ? ಅದಕ್ಕೆ ಅಕ್ಕನ ಕೈ, ಅಕ್ಕನ ಕೈ ಅಂತಿದ್ದೆ."

ಜಯಮ್ಮ ಬಾಗಿಲ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ತಡೆಯಲಾರದೆ ಹೊರಗೇ ಬಂದು, "ನಾನೂ ಒಂದ್ ಮೊರ ರಾಗೀಗೆ ಮರ್ಳು ಕಲ್ಸ್ ಕೊಟ್ಟಿವ್ನಿ ಅತ್ತಿಗೆ" ಎಂದಳು.

ಅಷ್ಟು ವರ್ಷ ಹೊತ್ತುಕೊಂಡು ತಿರುಗಿದ ಕೈಗುಣ ಆ ಹೊಸ್ತಿಲ ಮೇಲೆ ಹೊರಟುಹೋಯಿತು. ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಬಸ್ಸು ತಪ್ಪಿತು. ಇನ್ನೊಂದು ಬಸ್ಸು ಬರುವವರೆಗೂ ಮೂವರೂ ಜಗಲಿಯ ಮೇಲೆ ಕೂತು ಉಪಾಯ ಮಾಡಿದೆವು. ಉಪಾಯ ಹೇಳಿದ್ದು ಜಯಮ್ಮ.

ಮರುವರ್ಷ ಪುಟ್ಟ ಅರಕೆರೆಗೆ ಬಂದು, ಕಾಫಿ ಕುಡಿದು, ಗಂಭೀರವಾಗಿ ಕೆಮ್ಮಿದ. "ಭಾವ, ಆ ಮಿಸನ್ನು ಭಾರಿ ಸೂಕ್ಷ್ಮ. ಹಿಂದಿಂದೆ ಒಬ್ರು ಬೀಜ ನೋಡ್ಕೊಂಡು, ಬುಟ್ಟಿರೋ ಕಡೆ ಕೈಯಲ್ಲಿ ಚೆಲ್ಕೊಂಡು ನಡೀಬೇಕು. ಅನುಭವ ಇರೋರೇ ಆಗ್ಬೇಕು."

"ಮಿಸನ್ ತಂದ್ ಮೇಲೆ ಕೆಲ್ಸ ಜಾಸ್ತಿ ಆಯ್ತು ಅನ್ನು" ಎಂದರು ಯಜಮಾನರು. ಹೌದೆಂದು ತಲೆಯಾಡಿಸಿದ. "ಓಗು ಮತ್ತೆ" ಎಂದು ನನ್ನ ಕಡೆ ತಿರುಗಿದರು.

ಊರಿಗೆ ಹೋಗಿ ನೋಡಿದರೆ ಬಿತ್ತನೆ ಆಗಲೇ ಮುಗಿದಿತ್ತು. ಪುಟ್ಟ ಡಬ್ಬದ ತಳಕ್ಕೆ ಸೈಕಲ್ ಟ್ಯೂಬು ಕತ್ತರಿಸಿ ಅಂಟಿಸಿ, ಬೀಜವನ್ನು ಹೊಲದಲ್ಲೇ ತುಂಬಿ, ಹಿಂದಿನ ದಿನವೇ ಚೆಲ್ಲಿ ಕೈ ತೊಳೆದುಕೊಂಡಿದ್ದ. ನನಗೆ ಹಿಡಿಯಷ್ಟೂ ಕೆಲಸ ಉಳಿಸಿರಲಿಲ್ಲ. ಜಗಲಿಯ ಮೇಲೆ ಕಾಲು ಚಾಚಿ ಕೂತೆ, ಮಾತಾಡಿದೆ, ತಿಂದೆ, ಮಲಗಿದೆ, ಎದ್ದು ಮತ್ತೆ ತಿಂದೆ. ತವರಿನಲ್ಲಿ ನಾನು ಏನೂ ಮಾಡದೆ ಇದ್ದದ್ದು ಅದೇ ಮೊದಲು.

ವಾಪಸು ಬಂದ ಸಂಜೆ ಯಜಮಾನರು ಬಾಗಿಲಲ್ಲೇ ಕೇಳಿದರು. "ಎಂಗಾಯ್ತು ಬಿತ್ನೆ? ದಿನಾ ಮಿಸನ್ ಹಿಂದೆ ಬಿದ್ದು ಸಾಕಾಯ್ತಾ?"

"ಊಂ" ಎಂದೆ, ಬೇರೇನೂ ತೋಚದೆ. "ಕೈಯೆಲ್ಲ ನೋವು."

ಅವರು ಒಳಗೆ ಹೋದರು. ಸೌದೆ ಮುರಿದ ಸದ್ದು ಕೇಳಿಸಿತು. ಎಂದೂ ಒಲೆಯ ಮುಂದೆ ಕೂರದವರು ಹರಳೆಣ್ಣೆ ಬಿಸಿ ಮಾಡಿ, ಬಟ್ಟಲನ್ನು ಪಂಚೆಯ ಚುಂಗಿನಲ್ಲಿ ಹಿಡಿದು ತಂದು, ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಒಂದು ಕಾಳು ರಾಗಿಯನ್ನೂ ಮುಟ್ಟದ ಆ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಎಣ್ಣೆ ಹಚ್ಚಿ ನಿಧಾನವಾಗಿ ತಿಕ್ಕಿದರು. ಹೇಳಿಬಿಡೋಣ ಎಂದು ಬಾಯಿವರೆಗೆ ಬಂತು. ತಮ್ಮನಿಗೆ ಹೇಳಿದವಳಿಗೆ ಇವರಿಗೆ ಹೇಳುವುದು ಏನು ಕಷ್ಟ?

ಎಣ್ಣೆ ಹದವಾಗಿ ಬಿಸಿಯಿತ್ತು. ಎಡಗೈಯನ್ನೂ ಚಾಚಿದೆ.